ಏಳನೇ ನಂಬರಿನ ಬಸ್ಸು ಆಫ್ ಆದ ದಿನ

ನನ್ನ ಅಜ್ಜಿಯ ಅಡುಗೆಮನೆಯ ಮೂಲೆಯಲ್ಲಿ ಒಂದು ಅಂಬಲಿ ಗಡಿಗೆ ಇತ್ತು. ಅದರ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಮೊದಲು ಹುಳಿ, ಆಮೇಲೆ ಜೋಳದ ಹಿಟ್ಟು, ಅದರ ಹಿಂದೆ ಹಸಿ ಮಣ್ಣು, ಕೊನೆಗೆ ಮೂಗಿನ ತುದಿಯನ್ನು ಚಿವುಟುವ ಒಂದು ಚುರುಕು. ಬೆಳಗ್ಗೆ ಮುಚ್ಚಳ ತೆಗೆದ ಕೂಡಲೇ ಆ ವಾಸನೆ ನಡುಮನೆಗೆ ನಡೆದು ಬರುತ್ತಿತ್ತು. ಚಾಪೆಯ ಮೇಲೆ ಸಾಲಾಗಿ ಮಲಗಿದ್ದ ನಾವು ಏಳು ಮಕ್ಕಳು ಕಣ್ಣು ತೆರೆಯುವ ಮೊದಲೇ ನಮ್ಮ ಏಳು ಹೊಟ್ಟೆಗಳೂ ಒಟ್ಟಿಗೆ ಹಾಡಲು ಶುರುಮಾಡುತ್ತಿದ್ದವು. "ಕೇಳಸ್ತು, ಕೇಳಸ್ತು, ತಡೀರಿ, ಬಂದೆ" ಎಂದು ಅಜ್ಜಿ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು. ಹೇಳುತ್ತಿದ್ದದ್ದು ನಮಗಲ್ಲ, ಒಳಗಿನವರಿಗೆ.

ನಮ್ಮೂರಿನಲ್ಲಿ ಹೊಟ್ಟೆಯೊಳಗಿನವರ ದನಿ ಹೊರಗೆ ಕೇಳಿಸುತ್ತದೆ. ಬೇರೆ ಊರಿನವರ ಗುಡುಗುಡು ಸದ್ದಲ್ಲ, ಒಬ್ಬರು ಎತ್ತಿಕೊಟ್ಟು ಹತ್ತು ಜನ ದನಿಗೂಡಿಸಿದಂಥ ಹಾಡು. ಒಂದು ಗಡಿಗೆಯಿಂದ ಉಣ್ಣುವವರದು ಒಂದೇ ಹಾಡು, ಹಾಗಾಗಿ ಮನೆಗೊಂದು ಹಾಡು. ಇಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಕೇಳುವುದಿಲ್ಲ. ಹುಡುಗ ಹುಡುಗಿ ಇಬ್ಬರಿಗೂ ಉಪ್ಪಿಟ್ಟು ಕೊಟ್ಟು, ಹಿರಿಯರೆಲ್ಲ ಕಾಲು ಗಂಟೆ ಉಸಿರು ಬಿಗಿಹಿಡಿದು ಕೂರುತ್ತಾರೆ. ಎರಡು ಹೊಟ್ಟೆಗಳು ಒಂದಕ್ಕೊಂದು ದನಿ ಕೊಟ್ಟರೆ ತಾಂಬೂಲ. ಟಾಕೀಸಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಆಟವಿಲ್ಲ, ಇಟ್ಟರೂ ನಾಯಕನ ಮಾತು ಯಾರಿಗೂ ಕೇಳಿಸದು. ಏಕಾದಶಿಯ ದಿನ ನನ್ನ ಸೋದರತ್ತೆ ಹಿತ್ತಿಲಲ್ಲಿ ಗುಟ್ಟಾಗಿ ನಾಲ್ಕು ಚಕ್ಕುಲಿ ತಿಂದು ಬಂದು ದೇವರ ಮುಂದೆ ಕಣ್ಣು ಮುಚ್ಚಿ ಕುಳಿತಾಗ ಅವಳ ಹೊಟ್ಟೆ ಎಂಥ ಸಂಭ್ರಮದಲ್ಲಿ ಹಾಡಿತೆಂದರೆ, ಪೂಜೆ ಮಾಡುತ್ತಿದ್ದ ಮಾವ ಗಂಟೆ ಬಾರಿಸುವುದನ್ನು ನಿಲ್ಲಿಸಿ ತಾಳ ಹಾಕಿದ್ದರು. ಕೂಸುಗಳು ಮಾತ್ರ ಸುಮ್ಮನೆ ಹುಟ್ಟುತ್ತವೆ. ಓಣಿಯ ಹೆಂಗಸರೆಲ್ಲ ಪಾಳಿ ಹಾಕಿಕೊಂಡು ಅವನ್ನು ಮಡಿಲಲ್ಲಿ ಹಾಕಿಕೊಳ್ಳುತ್ತಾರೆ, ಮುದ್ದಿಸುತ್ತಾರೆ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಆ ಪುಟ್ಟ ಹೊಟ್ಟೆಯಿಂದ ಗುಬ್ಬಿಯಂಥ ಒಂದು ಚಿಂವ್ ಬಂತೆಂದರೆ ಓಣಿಗೆಲ್ಲ ಪೇಢೆ.

ನಾನು ಬಿ.ಎಸ್ಸಿ. ಮುಗಿಸಿ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು. ಫೋನೆತ್ತಿದವರು ನಂಬರು ಹೇಳುವ ಮೊದಲೇ, ಅವರ ಹೊಟ್ಟೆ ಕೇಳಿ, ಯಾರ ಮನೆಯೆಂದು ನನಗೆ ಗೊತ್ತಾಗುತ್ತಿತ್ತು. ಅದಕ್ಕೇ ಊರಿನವರು ನನ್ನನ್ನು ಇಂದಿಗೂ ಎಕ್ಸ್‌ಚೇಂಜ್ ಅಜ್ಜಿ ಅನ್ನುತ್ತಾರೆ. ಈ ಕಿವಿಯ ಹೆಮ್ಮೆ ನನಗೆ ಸ್ವಲ್ಪ ಹೆಚ್ಚೇ ಇತ್ತು. ಅದರಿಂದಾದ ತಪ್ಪನ್ನೂ ಹೇಳುತ್ತೇನೆ.

ಪಕ್ಕದ ಮನೆಯ ಕಸ್ತೂರಿ ಏಳನೇ ನಂಬರಿನ ಬಸ್ಸಿನ ಕಂಡಕ್ಟರು. ಇಪ್ಪತ್ತೆಂಟರ ಹುಡುಗಿ. ಅವಳ ತಾಯಿ ಶಾವಂತ್ರವ್ವ ತೀರಿಕೊಂಡು ಮೂರು ವರ್ಷವಾಗಿತ್ತು, ಮನೆಯಲ್ಲಿ ಒಬ್ಬಳೇ. ಆದರೆ ಅವಳ ಹೊಟ್ಟೆಯಲ್ಲಿ ಶಾವಂತ್ರವ್ವನ ಮನೆಯ ಹಾಡು ಇನ್ನೂ ಇತ್ತು. ಬೀಸುವ ಕಲ್ಲು ಎರಡು ಸುತ್ತು ತಿರುಗಿ ಅರೆಗಳಿಗೆ ತಡೆದು ಮತ್ತೆ ತಿರುಗಿದಂಥ ಲಯ ಅದರದು. ಸಂಜೆ ಅವಳು ಕಟ್ಟೆಯ ಮೇಲೆ ಕೂತಾಗ ಆ ಹಾಡು ಕೇಳಿದರೆ, ಸತ್ತ ಗೆಳತಿ ಒಳಗೆ ಎಲ್ಲೋ ಹಿಟ್ಟು ಸಾಣಿಸುತ್ತಿದ್ದಾಳೆ ಅನ್ನಿಸಿ ನಾನು ಸುಮ್ಮನೆ ನಗುತ್ತಿದ್ದೆ.

ಹೋದ ವರ್ಷ ಕಸ್ತೂರಿಗೆ ಹಲ್ಲು ಬಾತಿತು, ಆಮೇಲೆ ಜ್ವರ, ಆಮೇಲೆ ಬೆನ್ನಿನ ಮೇಲೊಂದು ಕುರು. ಮೂರು ಸಲವೂ ಯಾರನ್ನೂ ಕೇಳದೆ ಅಂಗಡಿಯಿಂದ ಜೋರು ಮಾತ್ರೆ ತಂದು ನುಂಗಿದಳು. ಬರಬರುತ್ತ ಹಾಡು ತೆಳುವಾಯಿತು. ನೂರು ದನಿಯಿದ್ದಲ್ಲಿ ಹತ್ತಾದವು, ಹತ್ತು ಮೂರಾದವು, ಉಳಿದ ಮೂರೂ ಬೀದಿ ನಲ್ಲಿಯ ಮುಂದೆ ಕೊಡ ಹಿಡಿದವರ ಹಾಗೆ ಜಗಳಕ್ಕೆ ನಿಂತವು. ಅದರ ಬೆನ್ನಿಗೇ ಹೊಟ್ಟೆನೋವು, ದಿನಕ್ಕೆ ಹತ್ತು ಹನ್ನೆರಡು ಸಲ ಹೊರಕಡೆಗೆ ಹೋಗುವುದು, ಹೋದಾಗೆಲ್ಲ ರಕ್ತ. ಹುಡುಗಿ ಕಡ್ಡಿಯಾದಳು.

ಬಸ್ಸಿನ ಕಂಡಕ್ಟರಿಗೆ ಈ ಕಾಯಿಲೆ ಬಂದರೆ ಹೇಗೆ? ಅವಳು ಯಾರಿಗೂ ಏನೂ ಹೇಳಲಿಲ್ಲ. ಆದರೆ ಒಂದು ದಿನ ಮಡ್ಡಿ ಸ್ಟಾಪಿನಲ್ಲಿ ಬಸ್ಸಿನಿಂದ ಹಾರಿ, ಗುರುತಿಲ್ಲದ ಮನೆಯೊಂದರ ಬಾಗಿಲು ಬಡಿದಳಂತೆ. ಮರುದಿನದಿಂದ ಏಳನೇ ನಂಬರಿನ ದಾರಿಯುದ್ದಕ್ಕೂ, ಪ್ರತಿ ಸ್ಟಾಪಿನ ಎದುರಿನ ಮನೆಯವರು ತಲೆಬಾಗಿಲು ತೆರೆದಿಟ್ಟರು. ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ. ತಂಬಿಗೆ ತುಂಬಿಸಿಟ್ಟರು, ಒಗೆದ ಟವೆಲ್ಲು ನೇತುಹಾಕಿದರು. ಕಂಬಾರ ಓಣಿಯವರಂತೂ ಕಕ್ಕಸಿನ ಗೋಡೆಗೆ ಸುಣ್ಣ ಬಳಿಸಿ ಒಂದು ಹೂವಿನ ಕುಂಡವನ್ನೂ ಇಟ್ಟರು. ಕಸ್ತೂರಿ ಇಳಿದು ಓಡಿದ ಕೂಡಲೇ ಪ್ರಯಾಣಿಕರೆಲ್ಲ ಮುಖ ತಿರುಗಿಸಿ ಇನ್ನೊಂದು ಬದಿಯ ಗುಡ್ಡವನ್ನು ನೋಡುತ್ತ ಕೂರುತ್ತಿದ್ದರು. ನೋಡುವಂಥದ್ದೇನೂ ಆ ಗುಡ್ಡದಲ್ಲಿಲ್ಲ. ಆದರೂ ಆ ವರ್ಷ ನಮ್ಮೂರಿನವರಿಗೆ ಅದರ ಒಂದೊಂದು ಕಲ್ಲೂ ಬಾಯಿಪಾಠವಾಯಿತು.

ಇನ್ನು ಡ್ರೈವರ್ ಶುಕ್ರಪ್ಪ. ಐವತ್ತು ದಾಟಿದ ಮನುಷ್ಯ. ಅವಳು ಎಷ್ಟು ಹೊತ್ತಾದರೂ ಎಂಜಿನ್ ಆರಿಸದೆ, ಆಕ್ಸಿಲರೇಟರ್ ಒತ್ತುತ್ತ, ಧಡಧಡ ಸದ್ದು ಮಾಡಿಸಿಕೊಂಡು ಕಾಯುತ್ತಿದ್ದ. ಯಾರಾದರೂ ತಡವಾಯಿತೆಂದರೆ "ಬಸ್ ಬಿಸಿಯಾಗಬೇಕ್ರಿ" ಅನ್ನುತ್ತಿದ್ದ. ಬೇಸಿಗೆಯಲ್ಲೂ ಅದೇ ಮಾತು. ಅವನ ಬಾಯಲ್ಲಿ ಅದಕ್ಕಿಂತ ಹೆಚ್ಚು ಮಾತು ಕೇಳಿದವರಿರಲಿಲ್ಲ. ಊಟದ ಹೊತ್ತಿನಲ್ಲೂ ಎಂಜಿನ್ ಓಡಿಸುತ್ತಲೇ ಸೀಟಿನಲ್ಲಿ ಕೂತಿರುತ್ತಿದ್ದ. ಮದುವೆ ಮುಂಜಿವೆಗೆ ಕರೆದರೆ ಬರುತ್ತಿರಲಿಲ್ಲ. ಒರಟ ಎಂದುಕೊಂಡು ಊರು ಅವನನ್ನು ಬಿಟ್ಟುಬಿಟ್ಟಿತ್ತು.

ಕಸ್ತೂರಿಯನ್ನು ಡಾಕ್ಟರ್ ನೀಲೋಫರ್ ಅವರ ಹತ್ತಿರ ಕರೆದೊಯ್ದವಳು ನಾನೇ. ಅವರು ಹೊರಗಿನಿಂದ ಬಂದವರು. ಮೊದಲ ಆರು ತಿಂಗಳು ಅವರ ಹೊಟ್ಟೆ ಮೂಕವಾಗಿತ್ತು, ನಮ್ಮೂರಿನ ನೀರು, ಮಜ್ಜಿಗೆ, ಉಪ್ಪಿನಕಾಯಿ ಒಳಗೆ ಹೋದ ಮೇಲೆ ಒಂದು ದಿನ ರೋಗಿಯೊಬ್ಬನ ನಾಡಿ ಹಿಡಿದಿದ್ದಾಗ ಥಟ್ಟನೆ ಹಾಡಿ, ಡಾಕ್ಟರೂ ರೋಗಿಯೂ ಇಬ್ಬರೂ ಕಿರುಚಿದ್ದರು.

"ದೊಡ್ಡ ಕರುಳಿನ ಒಳಪದರ ಊದಿಕೊಂಡು ಹುಣ್ಣಾಗಿದೆ," ಎಂದರು ಅವರು ಮೂರನೆಯ ಭೇಟಿಯಲ್ಲಿ. "ಮಾತ್ರೆ ಕೊಟ್ಟು ನೋಡಿದೆ, ಪೂರ್ತಿ ಹಿಡಿತಕ್ಕೆ ಬರುತ್ತಿಲ್ಲ. ಒಳಗಿರುವ ಸೂಕ್ಷ್ಮಜೀವಿಗಳಲ್ಲಿ ಎಷ್ಟೋ ಬಗೆಯವು ಇಲ್ಲವಾಗಿವೆ."

"ನಾ ನುಂಗಿದ ಮಾತ್ರೆಯಿಂದನ ಏನ್ರಿ?" ಎಂದು ಕೇಳಿದಳು ಕಸ್ತೂರಿ.

"ಅದೊಂದೇ ಕಾರಣ ಅನ್ನೋಕಾಗಲ್ಲ. ಹೋದವರು ಹೋಗಿದ್ದಕ್ಕೆ ಕಾಯಿಲೆ ಬಂತೋ, ಕಾಯಿಲೆ ಬಂದದ್ದಕ್ಕೆ ಅವರು ಹೋದರೋ, ಅದು ನಮಗೂ ಪೂರ್ತಿ ಗೊತ್ತಿಲ್ಲ. ಮುಂದಿನ ತಿಂಗಳು ಹದಿನಾಲ್ಕರೊಳಗೆ ರಕ್ತ ನಿಲ್ಲದಿದ್ದರೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್. ದೊಡ್ಡ ಕರುಳನ್ನೇ ತೆಗೆಯಬೇಕಾಗುತ್ತದೆ. ಅದಕ್ಕೂ ಮೊದಲು ಒಂದು ಪ್ರಯತ್ನ ಮಾಡಬಹುದು. ಆರೋಗ್ಯವಂತರ ಒಳಗಿನವರನ್ನು ಇವಳೊಳಗೆ ಕಳಿಸಿ ನೋಡೋದು. ಗ್ಯಾರಂಟಿ ಇಲ್ಲ."

"ಕಳಸೂದು ಅಂದ್ರ? ಹೆಂಗ?"

ಡಾಕ್ಟರು ಹೇಗೆಂದು ಹೇಳಿದರು. ಯಾರ ಮಲವನ್ನು ಹೇಗೆ ಪರೀಕ್ಷಿಸಿ, ಹೇಗೆ ಸೋಸಿ, ಯಾವ ದಾರಿಯಿಂದ ಒಳಗೆ ಬಿಡುತ್ತಾರೆಂದು ಹೇಳಿದರು. ಕಸ್ತೂರಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆಮೇಲೆ, ಆರು ತಿಂಗಳಲ್ಲಿ ಮೊದಲ ಸಲ, ಆ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯ ಅಜ್ಜಿ, ಊರ ಮಂದಿಗೆ ಇದನ್ನ ಏನಂತ ಕೇಳೂದು?"

ಕೇಳುವ ಕೆಲಸ ನನ್ನ ಪಾಲಿಗೆ ಬಂತು. 'ಬೆಳಗಿನ ಪಾಲು' ಎಂದು ಹೆಸರಿಟ್ಟೆ. ಅದನ್ನು ಕೊಡುವವರು ಭಾನುವಾರ ಬಸ್ ಡಿಪೋಗೆ ಬರಬೇಕೆಂದು ಬಾಯಿಂದ ಬಾಯಿಗೆ ಹೇಳಿ ಕಳಿಸಿದೆ. ಇಬ್ಬರೋ ಮೂವರೋ ಬಂದಾರೆಂದುಕೊಂಡಿದ್ದೆ. ನಲವತ್ತೊಂದು ಜನ ಬಂದರು! ಹೊಸ ಸೀರೆ ಉಟ್ಟು, ಎಣ್ಣೆ ಹಾಕಿ ಬಾಚಿಕೊಂಡು, ಎಂದಿಗಿಂತ ಎರಡು ರೊಟ್ಟಿ ಹೆಚ್ಚು ತಿಂದು ಬಂದಿದ್ದರು. ನಾನು ಎಕ್ಸ್‌ಚೇಂಜಿನ ಹಳೆಯ ಹೆಡ್‌ಫೋನನ್ನು ಎಣ್ಣೆ ಸುರಿಯುವ ಒಂದು ಲಾಳಿಕೆಗೆ ಸಿಕ್ಕಿಸಿಕೊಂಡು ಕೂತೆ. ಡಾಕ್ಟರು ಪಕ್ಕದಲ್ಲಿ, ಇತ್ತೀಚೆಗೆ ಮಾತ್ರೆ ನುಂಗಿದವರನ್ನೂ ಕಾಯಿಲೆ ಕಸಾಲೆಯಿದ್ದವರನ್ನೂ ಬದಿಗೆ ಸರಿಸುತ್ತಿದ್ದರು. ಪೈಲ್ವಾನ್ ಮಾರುತಿಯ ಹೊಟ್ಟೆ ನಗಾರಿಯಂತೆ ಬಡಿದು ನನ್ನ ಕಿವಿ ಗುಂಯ್ ಎಂದಿತು. "ಹೆಂಗೈತ್ರಿ ಅಜ್ಜಿ? ಇದು ಖರೇ ಶಕ್ತಿ!" ಎಂದ. ಅವನ ಹೆಂಡತಿ ಹಿಂದಿನಿಂದ, "ನಿನ್ನಿ ರಾತ್ರಿ ಹದಿನಾರು ಮೊಟ್ಟಿ ತಿಂದಾನ್ರಿ, ಬರೇ ಅದರ ಗದ್ದಲ" ಎಂದಳು. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು.

ಕೊನೆಯಲ್ಲಿ ಧೋಂಡೋಪಂತ ಮಾಸ್ತರರು ಬಂದರು. ನಿವೃತ್ತ ಹೆಡ್‌ಮಾಸ್ತರು. ನಲವತ್ತು ವರ್ಷದಿಂದ ಅನ್ನ, ತವ್ವೆ, ಒಂದು ಮಿಳ್ಳೆ ತುಪ್ಪ ಬಿಟ್ಟು ಬೇರೆ ತಿಂದವರಲ್ಲ, ಪರರ ಮನೆಯ ನೀರು ಮುಟ್ಟಿದವರಲ್ಲ. ಲಾಳಿಕೆ ಇಟ್ಟೆ. ಆಹಾ! ಒಂದೇ ಒಂದು ದನಿ, ತಂಬೂರಿಯ ತಂತಿಯಂತೆ, ಅಳುಕಿಲ್ಲದೆ, ಕಲಬೆರಕೆಯಿಲ್ಲದೆ. ನನ್ನ ಕಣ್ಣು ತುಂಬಿತು. "ಇವರೇ" ಎಂದೆ. ಡಾಕ್ಟರು ಪರೀಕ್ಷೆಗೆ ಕಳಿಸಿದರು, ಎಲ್ಲವೂ ಚೊಕ್ಕವಾಗಿತ್ತು. "ಇನ್ನೊಂದಿಬ್ಬರನ್ನೂ ನೋಡೋಣವಾ?" ಎಂದು ಅವರು ಕೇಳಿದರು. "ಇದಕ್ಕಿಂತ ಶುದ್ಧ ಸಿಗೂದಿಲ್ರಿ" ಎಂದೆ ನಾನು. ನಮ್ಮೂರಿನವರು ಯಾರೇ ಆಗಿದ್ದರೂ ಹಾಗೇ ಅನ್ನುತ್ತಿದ್ದರು. ಮನೆಹಾಡು ಬೆರಕೆಯಾಗಬಾರದು, ಬೆರಕೆ ಹಾಡಿನವರಿಗೆ ಮನೆಯಿಲ್ಲ, ಮಠವಿಲ್ಲ ಎಂದು ಕೇಳಿಯೇ ಬೆಳೆದವರು ನಾವು.

ಗೊತ್ತಾದ ದಿನ ಮಾಸ್ತರರು ಡಬ್ಬಿಗೆ ಜರಿಶಾಲು ಹೊದಿಸಿ, ಎರಡೂ ಕೈಯಲ್ಲಿ ಹಿಡಿದು, ದೇವಸ್ಥಾನಕ್ಕೆ ನೈವೇದ್ಯ ಒಯ್ಯುವವರಂತೆ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ದಾರಿಯಲ್ಲಿ ಗೊತ್ತಿಲ್ಲದ ಒಬ್ಬಾಕೆ ಕೈಮುಗಿದಳಂತೆ. ಎರಡು ದಿನ ಕಸ್ತೂರಿಯ ಹೊಟ್ಟೆಯಲ್ಲಿ ಆ ತಂಬೂರಿ ಮೀಟಿತು. ಮೂರನೆಯ ದಿನ ತಂತಿ ಕಡಿದಂತೆ ನಿಂತಿತು. ನಾಲ್ಕನೆಯ ದಿನ ಮತ್ತೆ ರಕ್ತ. ಜಗಳವಾಡುತ್ತಿದ್ದ ಮೂರು ದನಿಗಳೂ ಈಗಿರಲಿಲ್ಲ. ಸಂಜೆ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತರೆ ಅವಳ ಕಡೆಯಿಂದ ಏನೂ ಕೇಳಿಸುತ್ತಿರಲಿಲ್ಲ.

"ಅಜ್ಜಿ," ಎಂದಳು ಒಮ್ಮೆ, "ಕರುಳ ತಗದ್ರ ತಗೀಲಿ, ಜೀವ ಉಳೀತೈತಿ. ಆದ್ರ ನಮ್ಮವ್ವನ ಹಾಡು ಮತ್ತ ಎಲ್ಲಿಂದ ತರ್ಲಿ?" ಇನ್ನೊಂದಿಬ್ಬರನ್ನು ನೋಡೋಣ ಎಂದಾಗ ಬೇಡವೆಂದವಳು ನಾನೇ ಅಲ್ಲವೆ? ಮೂವತ್ತೆರಡು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತವಳಿಗೆ, ಒಂದೇ ಲೈನು ಇದ್ದರೆ ಅದು ಊರಾಗುವುದಿಲ್ಲ ಎಂದು ಹೊಳೆಯದೆ ಹೋಯಿತು.

ಆರನೆಯ ತಾರೀಖು, ಆಪರೇಷನ್ನಿಗೆ ಎಂಟೇ ದಿನ ಉಳಿದಿದ್ದವು. ಕಸ್ತೂರಿ ರಜೆ ಹಾಕಲು ಒಪ್ಪಿರಲಿಲ್ಲ, ಅದಕ್ಕೆ ನಾನೇ ದಿನವೂ ಬಸ್ಸಿನಲ್ಲಿ ಮೂರನೇ ಸೀಟಿನಲ್ಲಿ ಕೂತು ಅವಳ ಜತೆ ಸುತ್ತುತ್ತಿದ್ದೆ. ಮಧ್ಯಾಹ್ನ ಹನ್ನೆರಡೂವರೆಗೆ ಮಡ್ಡಿ ಸ್ಟಾಪಿನಲ್ಲಿ ಅವಳು ಇಳಿದು ಓಡಿದಳು. ನಾವೆಲ್ಲ ಗುಡ್ಡದ ಕಡೆ ತಿರುಗಿದೆವು. ಶುಕ್ರಪ್ಪ ಎಂದಿನಂತೆ ಆಕ್ಸಿಲರೇಟರ್ ಒತ್ತುತ್ತಿದ್ದ. ಧಡಧಡಧಡ, ಧಡ್, ಎರಡು ಕೆಮ್ಮು, ಬಸ್ಸು ಆಫ್. ಡೀಸೆಲ್ ಮುಗಿದಿತ್ತು. ಆರು ತಿಂಗಳಿಂದ ಸ್ಟಾಪಿಗೆ ಹತ್ತು ನಿಮಿಷ ನಿಂತಲ್ಲೇ ಓಡಿದ ಎಂಜಿನ್ನಿಗೆ ಎಷ್ಟು ಡೀಸೆಲ್ ಸಾಕಾದೀತು?

ಬಸ್ಸೊಳಗೆ ನಿಶ್ಶಬ್ದ. ಆ ನಿಶ್ಶಬ್ದದೊಳಗಿಂದ, ಡ್ರೈವರ್ ಸೀಟಿನ ಕಡೆಯಿಂದ, ಒಂದು ಜಾತ್ರೆ ಎದ್ದಿತು. ಏನೆಂದು ಹೇಳಲಿ! ಹತ್ತಲ್ಲ, ನೂರಲ್ಲ, ಗೀಗೀಪದ, ಜೋಗುಳ, ಭಜನೆ, ಗಾಡಿಯ ಗೆಜ್ಜೆ, ಕಂಬಾರ ಓಣಿಯ ಸುತ್ತಿಗೆ ಲಯ, ನೇಕಾರರ ಮಗ್ಗದ ಲಯ, ಒಂದರ ಕೈ ಒಂದು ಹಿಡಿದು ಕುಣಿಯುತ್ತಿದ್ದವು. ಶುಕ್ರಪ್ಪ ಕಕ್ಕಾಬಿಕ್ಕಿಯಾಗಿ ಒಂದು ಕೈಯಲ್ಲಿ ಹೊಟ್ಟೆ ಮುಚ್ಚಿದ, ಇನ್ನೊಂದರಲ್ಲಿ ಹಾರ್ನ್ ಒತ್ತಿದ. ಪೋಂಂಂಂ! ಬಿಡಲೊಲ್ಲ.

"ಹಾರ್ನ್ ಬಿಡೋ ಮಾರಾಯಾ, ಕಿವಿ ಹೋದುವು!" ಎಂದು ಹಿಂದಿನ ಸೀಟಿನವರು ಕೂಗಿದರು.

ನಾನು ಎದ್ದು ಅವನ ಬಳಿ ಹೋದೆ. "ಶುಕ್ರಪ್ಪಾ, ಕೈ ತೆಗಿ" ಎಂದೆ.

"ಬ್ಯಾಡ್ರಿ ಬಾಯಾರ. ಮಂದಿ ಕೇಳ್ತಾರ."

"ಕೇಳಲಿ, ತೆಗಿ."

ತೆಗೆದ. ನಾನು ಕಣ್ಣು ಮುಚ್ಚಿದೆ. ಆ ಜಾತ್ರೆಯ ನಡುವೆ ಎಲ್ಲೋ, ಬೀಸುವ ಕಲ್ಲು ಎರಡು ಸುತ್ತು ತಿರುಗಿ, ಅರೆಗಳಿಗೆ ತಡೆದು, ಮತ್ತೆ ತಿರುಗಿತು. ಕಣ್ಣು ತೆರೆದು ಕೇಳಿದೆ: "ಶಾವಂತ್ರವ್ವನ ಮನಿ ಅಂಬಲಿ ನೀ ಯಾವಾಗ ಕುಡದಿ?"

ಅವನು ಸ್ಟಿಯರಿಂಗ್ ನೋಡುತ್ತ ಹೇಳಿದ. ಅವನು ಶುಕ್ರವಾರದ ಸಂತೆಯಲ್ಲಿ ಸಿಕ್ಕ ಕೂಸು. ಹಳೇ ಓಣಿಯ ಹನ್ನೊಂದು ಮನೆಯವರು ವಾರಕ್ಕೊಬ್ಬರಂತೆ ಪಾಳಿ ಹಾಕಿ ಸಾಕಿದ್ದರು. ಅದು ನನಗೂ ಗೊತ್ತಿತ್ತು, ಮರೆತಿದ್ದೆ. ದೊಡ್ಡವನಾದ ಮೇಲೂ ಅವನಿಗೆ ಒಲೆಯಿರಲಿಲ್ಲ. ಶಾವಂತ್ರವ್ವ ಸಾಯುವವರೆಗೂ ದಿನವೂ ಬೆಳಗ್ಗೆ ಮೊದಲ ಟ್ರಿಪ್ಪಿಗೆ ಕಿಟಕಿಯಿಂದ ಒಂದು ಚರಿಗೆ ಅಂಬಲಿ ಕೊಡುತ್ತಿದ್ದಳಂತೆ. ಅವಳಾದ ಮೇಲೆ ಆ ಸ್ಟಾಪು ಈ ಸ್ಟಾಪಿನವರು ಯಾರೋ ಒಂದು ರೊಟ್ಟಿ, ಯಾರೋ ಒಂದು ಸೌಟು ಸಾರು, ಮಜ್ಜಿಗೆ, ಅದೂ ಕಿಟಕಿಯಿಂದಲೇ. ಯಾರೂ ಯಾರಿಗೂ ಹೇಳಿಕೊಂಡಿರಲಿಲ್ಲ. "ಬೆರಕಿ ಹೊಟ್ಟಿ ಐತ್ರಿ ನಂದು. ಒಂದು ಮನಿ ಹಾಡಿಲ್ಲ. ಅದಕ್ಕ ಎಂಜಿನ್ ಆರಸೂದಿಲ್ಲ" ಎಂದ.

ಅಷ್ಟರಲ್ಲಿ ಕಸ್ತೂರಿ ಬಂದು ಫುಟ್‌ಬೋರ್ಡಿನ ಮೇಲೆ ನಿಂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ತೆಳ್ಳನೆಯ ಕೈಯಲ್ಲಿ ಕಂಬಿ ಹಿಡಿದು ಕೇಳುತ್ತಿದ್ದಳು. "ಕಾಕಾ," ಎಂದಳು, "ಮೂರು ವರ್ಷ ನನ್ನ ಮುಂದ ಕುಂತು ನಮ್ಮವ್ವನ್ನ ಮುಚ್ಚಿಟ್ಟಿದ್ದೇನು?"

"ನಿನಗ ಬೇಕಿದ್ರ ತಗೋವಾ" ಎಂದ ಶುಕ್ರಪ್ಪ. ಆಮೇಲೆ ತಾನು ಕೊಡಬೇಕಾದದ್ದು ಏನೆಂದು ನೆನಪಾಗಿ ಕಿವಿಯವರೆಗೆ ಕೆಂಪಾದ. ಬಸ್ಸಿಗೆ ಬಸ್ಸೇ ಗುಡ್ಡದ ಕಡೆ ತಿರುಗಿ, ಭುಜ ಕುಣಿಸಿಕೊಂಡು ನಕ್ಕಿತು. ಆಮೇಲೆ ಎಲ್ಲರೂ ಇಳಿದು, ಮಾರುತಿಯನ್ನೂ ಕರೆಸಿ, ಹಾಡುತ್ತಲೇ ಬಸ್ಸನ್ನು ತಳ್ಳಿಕೊಂಡು ಆಸ್ಪತ್ರೆಗೆ ಹೋದೆವು. ಡೀಸೆಲ್ ತರಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

ಡಾಕ್ಟರು ಅವನ ರಕ್ತ, ಮಲ ಎಲ್ಲವನ್ನೂ ಪರೀಕ್ಷೆಗೆ ಕಳಿಸಿದರು. ಮೂರು ದಿನ ನಾವು ಉಗುರು ಕಚ್ಚುತ್ತ ಕಾದೆವು. ವರದಿ ಬಂದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. "ರೋಗದ್ದು ಒಂದೂ ಇಲ್ಲ. ಒಳ್ಳೆಯವು ಎಷ್ಟು ಬಗೆ ಇವೆ ಅಂದರೆ, ಹೆಸರು ಬರೆಯೋಕೆ ಲ್ಯಾಬಿನವರ ಕಾಗದ ಸಾಲಲಿಲ್ಲ" ಎಂದರು. ದೊಡ್ಡಾಸ್ಪತ್ರೆಗೆ ಫೋನು ಮಾಡಿ, ಆಪರೇಷನ್ನನ್ನು ಹತ್ತು ದಿನ ಮುಂದೆ ಹಾಕಿಸಿದರು. ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎಂದು ನಮಗೆ ಖಡಾಖಂಡಿತವಾಗಿ ಹೇಳಿದರು. ಶುಕ್ರಪ್ಪನ ಡಬ್ಬಿಗೆ ಹೊದಿಸಲು ಮಾಸ್ತರರೇ ತಮ್ಮ ಜರಿಶಾಲು ಕಳಿಸಿಕೊಟ್ಟರು. "ನನ್ನ ದನಿ ಒಂದೇ ಆಗಿ ಅಲ್ಲಿ ಬೇಸರಪಟ್ಟಿರಬೇಕು" ಎಂದು ಹೇಳಿ ಕಳಿಸಿದ್ದರು. ನನ್ನ ತಪ್ಪನ್ನು ಅವರು ತಮ್ಮ ತಲೆಯ ಮೇಲೆ ಹಾಕಿಕೊಂಡದ್ದು ನನಗೆ ತಿಳಿಯಿತು.

ಮೊದಲ ದಿನ ಏನೂ ಇಲ್ಲ. ಎರಡನೆಯ ದಿನವೂ ಇಲ್ಲ. ಓಣಿಯ ಹೆಂಗಸರು, ಬಾಣಂತಿಯ ಮನೆಗೆ ಬಂದಂತೆ, ಒಬ್ಬೊಬ್ಬರಾಗಿ ಬಂದು ಕಸ್ತೂರಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತು ಹೋದರು. ಎಂಟನೆಯ ದಿನ ಬೆಳಗ್ಗೆ ನಾನು ಅವಳಿಗೆ ತಲೆ ಬಾಚುತ್ತಿದ್ದೆ. ಚಿಂವ್ ಎಂದಿತು. ಬಾಚಣಿಗೆ ನನ್ನ ಕೈಯಿಂದ ಬಿತ್ತು. ಇಬ್ಬರೂ ಅಲುಗಾಡಲಿಲ್ಲ. ಮತ್ತೊಮ್ಮೆ, ಚಿಂವ್ ಚಿಂವ್. ಕಿಟಕಿಯಲ್ಲಿ ಕಿವಿಯಿಟ್ಟು ನಿಂತಿದ್ದ ಮಾರುತಿಯ ಹೆಂಡತಿ ಹೋ ಎಂದು ಕೂಗಿಕೊಂಡು ಓಡಿದಳು. ಹತ್ತು ನಿಮಿಷದಲ್ಲಿ ಪೇಢೆ ಅಂಗಡಿ ಖಾಲಿ.

ರಕ್ತ ಒಂದೇ ದಿನಕ್ಕೆ ನಿಲ್ಲಲಿಲ್ಲ. ಕಡಿಮೆಯಾಗುತ್ತ ಹೋಗಿ, ಮುಂದೆ ಹಾಕಿದ್ದ ದಿನಕ್ಕೆ ಒಂದು ದಿನ ಮೊದಲು ಪೂರ್ತಿ ನಿಂತಿತು. ಡಾಕ್ಟರು ಒಳಗೆ ನಳಿಗೆ ಇಳಿಸಿ ನೋಡಿ, ಹುಣ್ಣು ಮಾಯುತ್ತಿದೆ, ಸದ್ಯಕ್ಕೆ ಆಪರೇಷನ್ ಬೇಡ ಎಂದರು. ಮಾತ್ರೆ ಈಗಲೂ ಇದೆ, ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಮತ್ತೆ ಕೆರಳಲೂಬಹುದು. ಇರಲಿ. ದಾರಿಯ ಮನೆಗಳವರು ಬಾಗಿಲು ಮುಚ್ಚಿಲ್ಲ. ಬಸ್ಸು ನಿಲ್ಲದೆ ಮುಂದೆ ಹೋದರೆ ಕಂಬಾರ ಓಣಿಯವರಿಗೆ ಸ್ವಲ್ಪ ಬೇಜಾರು, ಕುಂಡದಲ್ಲಿ ಈಗ ಹೂ ಬಿಟ್ಟಿದೆ.

ನಿನ್ನೆ ಮಧ್ಯಾಹ್ನ ನಾನು ಏಳನೇ ನಂಬರಿನಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಬಂದೆ. ಡಿಪೋದ ಬೇವಿನ ಮರದಡಿ ಬಸ್ಸು ನಿಂತಿತು. ಎಲ್ಲರೂ ಇಳಿದರು. ನಾನು ಮೂರನೇ ಸೀಟಿನಲ್ಲಿ ಕನ್ನಡಕ ಹುಡುಕುವ ನೆಪ ಮಾಡುತ್ತ ಉಳಿದೆ. ಶುಕ್ರಪ್ಪ ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಮುಂದಿನ ಎರಡು ಸೀಟುಗಳಿಂದ ಒಂದೇ ಬೀಸುವ ಕಲ್ಲು ಎರಡು ಸುತ್ತು ತಿರುಗಿತು, ತಡೆಯಿತು, ಮತ್ತೆ ತಿರುಗಿತು. ಕಸ್ತೂರಿ ಟಿಕೆಟ್ಟಿನ ಚೀಲ ಬದಿಗಿಟ್ಟು, ಬುತ್ತಿ ಬಿಚ್ಚಿ, ಮುಚ್ಚಳದಲ್ಲಿ ಒಂದು ರೊಟ್ಟಿ, ಬದನೆಕಾಯಿ ಪಲ್ಯ ಹಾಕಿ, ಚರಿಗೆಯಿಂದ ಲೋಟಕ್ಕೆ ಅಂಬಲಿ ಬಗ್ಗಿಸಿ, ಅವನ ಕೈಗೆ ಕೊಟ್ಟಳು.